ಕಣದ ಹುಲ್ಲು, ಒಡಕು ಗೂಡು, ಕಾಗದದ ನಕ್ಷತ್ರ

ಡಿಸೆಂಬರ್ ಎರಡನೆಯ ವಾರದಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದ ಕಡೆಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ರಾಗಿ. ಕೊಯ್ದು ಹರಡಿದ ರಾಗಿ, ಹೊರೆ ಕಟ್ಟಿದ ರಾಗಿ, ಮೆದೆ ಹಾಕಿದ ರಾಗಿ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಸಮಾಧಿ ಈ ಊರಿನಲ್ಲಿರುವುದನ್ನು 2015ರಲ್ಲಿ ಗುರುತಿಸಿದ ಮೇಲೆ ಕೆಂಪಾಪುರದ ಹೆಸರು ಹೊರಗಿನವರಿಗೂ ಪರಿಚಯವಾಯಿತು. ಇಂದಿನ ಮಾತಿಗೆ ಮಾತ್ರ ಸಮಾಧಿಗಿಂತ ಅದರ ಸುತ್ತಲಿನ ಸೀಮೆಯ ಹುಲ್ಲೇ ಮುಖ್ಯ. ಮಳೆಯಾಶ್ರಯದ ರಾಗಿ ಕಟಾವಿಗೆ ಬರುವ ಕಾಲಕ್ಕೂ ಕ್ರಿಸ್‌ಮಸ್ ಹಬ್ಬಕ್ಕೂ ನಡುವೆ ಕೆಲವೇ ವಾರಗಳ ಅಂತರ. ಹಬ್ಬಕ್ಕೆ ಮನೆ ಸಿಂಗರಿಸಲು ಕಾಸಿಲ್ಲದೆ ಸಿಗುವ ಸಾಮಗ್ರಿ ಯಾವುದು ಎಂದು ಕೇಳಿದರೆ, ಈ ಸೀಮೆಯಲ್ಲಿ ಉತ್ತರ ಹಿತ್ತಲಲ್ಲೇ ಬಿದ್ದಿದೆ.

ಕ್ರಿಸ್‌ಮಸ್ ಅಲಂಕಾರವೆಂದರೆ ಪಟ್ಟಣದ ಅಂಗಡಿಯಿಂದ ತರಬೇಕಾದ ಹೊಳೆಯುವ ಗುಂಡು, ಪ್ಲಾಸ್ಟಿಕ್ ನಕ್ಷತ್ರ, ಮಿನುಗುವ ದೀಪದ ಸರ ಎಂಬ ಭಾವನೆ ಬಲವಾಗಿದೆ. ಮನೆಯಲ್ಲಿ ಮಾಡಿಕೊಂಡದ್ದು ಕೈಲಾಗದವರ ಬದಲಿ ವ್ಯವಸ್ಥೆ ಎಂದೇ ಎಣಿಸುತ್ತಾರೆ. ಹಬ್ಬದ ಚರಿತ್ರೆಯನ್ನು ನೋಡಿದರೆ ಸಂಗತಿ ತಲೆಕೆಳಗಾಗಿದೆ. ಮನೆಯದು ಮೊದಲು ಬಂದದ್ದು, ಅಂಗಡಿಯದು ಆಮೇಲೆ.

1605ರಲ್ಲಿ ಸ್ಟ್ರಾಸ್‌ಬರ್ಗ್ ನಗರದ ಮನೆಗಳಲ್ಲಿ ಕ್ರಿಸ್‌ಮಸ್ ಮರ ನಿಲ್ಲಿಸುತ್ತಿದ್ದುದನ್ನು ವರ್ಣಿಸುವ ಒಂದು ಬರಹ ಉಳಿದುಬಂದಿದೆ. ಮರಕ್ಕೆ ತೂಗುಹಾಕಿದ್ದೇನು? ಬಣ್ಣದ ಕಾಗದದ ಗುಲಾಬಿ, ಸೇಬು, ತೆಳು ಬಿಲ್ಲೆ, ಚಿನ್ನದ ಬಣ್ಣದ ತಗಡು, ಮಿಠಾಯಿ. ತಗಡೊಂದನ್ನು ಬಿಟ್ಟರೆ ಎಲ್ಲವೂ ಅಡುಗೆಮನೆಯದು ಅಥವಾ ಕತ್ತರಿಯದು. ಗಾಜಿನ ಗುಂಡು ಬಂದದ್ದು ಅದಕ್ಕೆ ಎರಡು ಶತಮಾನಗಳ ಬಳಿಕ, 19ನೆಯ ಶತಮಾನದ ನಡುಭಾಗದಲ್ಲಿ, ಜರ್ಮನಿಯ ಲೌಷಾ ಎಂಬ ಗಾಜಿನ ಕುಲುಮೆಗಳ ಹಳ್ಳಿಯಿಂದ. ಸೇಬು, ಅಕ್ರೋಟು ಕೊಳ್ಳಲು ಕಾಸಿಲ್ಲದ ಬಡ ಕುಲುಮೆಗಾರನೊಬ್ಬ ಅವುಗಳನ್ನು ಗಾಜಿನಲ್ಲೇ ಊದಿದನೆಂದು ಅಲ್ಲಿನ ಐತಿಹ್ಯ ಹೇಳುತ್ತದೆ. ಕಥೆ ನಿಜವೋ ಸುಳ್ಳೋ, ಅದರೊಳಗಿನ ಬಡತನವಂತೂ ನಿಜ. ಆ ಹಳ್ಳಿಯಲ್ಲಿ ಇಡೀ ಸಂಸಾರ ಮನೆಯಲ್ಲೇ ಕೂತು ಗಾಜು ಊದಿ, ಒಳಗೆ ಬೆಳ್ಳಿಯ ಲೇಪ ಕೊಟ್ಟು, ಬಣ್ಣ ಹಚ್ಚಿ ಕಳುಹಿಸುತ್ತಿತ್ತು. 1880ರ ಸುಮಾರಿಗೆ ಅಮೆರಿಕದ ವ್ಯಾಪಾರಿ ವುಲ್ವರ್ತ್ ಅರೆಮನಸ್ಸಿನಿಂದ ಒಂದಿಷ್ಟು ಗಾಜಿನ ಗುಂಡು ತರಿಸಿ ಅಂಗಡಿಯಲ್ಲಿಟ್ಟ. ಅವು ನೋಡನೋಡುತ್ತ ಖರ್ಚಾದವು. ಅಲ್ಲಿಂದ ಮುಂದೆ ಅಲಂಕಾರ ಕೊಳ್ಳುವ ವಸ್ತುವಾಯಿತು. ಅಂಗಡಿಯಲ್ಲಿ ಅಗ್ಗವಾಗಿ ಸಿಗುವುದು ಇನ್ನಾರದೋ ಮನೆಯವರ ರಾತ್ರಿಯ ದುಡಿಮೆ ಎಂಬುದನ್ನು ಲೌಷಾದ ಚರಿತ್ರೆ ಚೆನ್ನಾಗಿ ತೋರಿಸುತ್ತದೆ.

ಹುಲ್ಲಿನ ಕಥೆ ಇನ್ನೂ ಹಳೆಯದು. 1223ರ ಕ್ರಿಸ್‌ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಯೇಸುವಿನ ಜನನದ ದೃಶ್ಯವನ್ನು ಜನರ ಕಣ್ಣೆದುರು ಅಣಿಗೊಳಿಸಿದರು. ಅವರ ಚರಿತ್ರೆ ಬರೆದ ಸೆಲಾನೊದ ಥಾಮಸ್ ಕೊಡುವ ವಿವರದಲ್ಲಿ ಗೊಂಬೆಗಳ ಮಾತಿಲ್ಲ. ಒಂದು ಮೇವಿನ ತೊಟ್ಟಿ, ಅದರ ತುಂಬ ಹುಲ್ಲು, ಒಂದು ಎತ್ತು, ಒಂದು ಕತ್ತೆ, ಇಷ್ಟೆ. ಇಂದು ಲೋಕದ ತುಂಬ ಕ್ರಿಸ್‌ಮಸ್‌ಗೆ ಕಟ್ಟುವ ಗೋದಲಿ ಆ ರಾತ್ರಿಯ ನೆನಪಿನಿಂದ ಬೆಳೆದದ್ದು.

ಗೋದಲಿ ಎಂಬ ಮಾತನ್ನೇ ಗಮನಿಸಬೇಕು. ಕನ್ನಡದಲ್ಲಿ ಅದು ದನಕ್ಕೆ ಮೇವು ಹಾಕುವ ತೊಟ್ಟಿ. ಬೈಬಲನ್ನು ಕನ್ನಡಕ್ಕೆ ತಂದವರು ಶಿಶುವನ್ನು ಮಲಗಿಸಿದ ಜಾಗಕ್ಕೆ ಈ ಕೊಟ್ಟಿಗೆಯ ಮಾತನ್ನೇ ಆರಿಸಿಕೊಂಡರು. ಹೊಸ ಪದ ಕಟ್ಟುವ ಅಗತ್ಯ ಬೀಳಲಿಲ್ಲ. ದನ ಕಟ್ಟುವ ಮನೆಯಲ್ಲಿ ಗೋದಲಿ ಮೊದಲೇ ಇತ್ತು, ಹುಲ್ಲೂ ಇತ್ತು.

ಈ ಸೀಮೆಗೆ ಹಬ್ಬವೂ ಹೊಸದಲ್ಲ. ಇಟಲಿಯ ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣದಲ್ಲಿ ನೆಲೆನಿಂತು ಮೈಸೂರು ಮಿಷನ್ ಆರಂಭಿಸಿದ್ದು 17ನೆಯ ಶತಮಾನದ ನಡುಭಾಗದಲ್ಲಿ. ಅರ್ಕಾವತಿಯ ಅಣೆಕಟ್ಟಿನಿಂದ ಹೆಸರಾದ ಕನಕಪುರ ತಾಲ್ಲೂಕಿನ ಹಾರೋಬೆಲೆ ಕನ್ನಡದಲ್ಲೇ ಪೂಜೆ ಪ್ರಾರ್ಥನೆ ನಡೆಸಿಕೊಂಡು ಬಂದ ಹಳೆಯ ಕಥೋಲಿಕ ಊರು. ಒಕ್ಕಲುತನದ ಊರಿನ ಹಬ್ಬದಲ್ಲಿ ಒಕ್ಕಲುತನದ ಸಾಮಾನು ಸೇರಿಕೊಳ್ಳುವುದು ಸಹಜ.

ಈಗ ಕೈಕೆಲಸದ ಮಾತು. ರಾಗಿ ಹುಲ್ಲಿನಿಂದ ನಕ್ಷತ್ರ ಮಾಡಬಹುದು. ಜರ್ಮನಿಯಲ್ಲೂ ಸ್ವೀಡನ್ ಮೊದಲಾದ ಉತ್ತರದ ದೇಶಗಳಲ್ಲೂ ಗೋಧಿ, ರೈ ಹುಲ್ಲಿನ ನಕ್ಷತ್ರಗಳನ್ನು ಮರಕ್ಕೆ ತೂಗುಹಾಕುವ ರೂಢಿಯಿದೆ. ಆ ಹುಲ್ಲು ಪೊಳ್ಳು. ನಮ್ಮ ರಾಗಿಯ ದಂಟು ನಯವಾಗಿ, ಕೊಂಚ ಚಪ್ಪಟೆಯಾಗಿ ಇರುತ್ತದೆ. ತೆನೆಯ ಕೆಳಗಿನ ಗಂಟಿಲ್ಲದ ಭಾಗವನ್ನು ಒಂದು ಗೇಣುದ್ದ ಕತ್ತರಿಸಿ, ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಬಟ್ಟೆಯ ನಡುವೆ ಇಟ್ಟು ಮೇಲೆ ಭಾರ ಹೇರಬೇಕು. ಮೆತ್ತಗಾದ ನಾಲ್ಕು ದಂಟುಗಳನ್ನು ನಡುವಿನಲ್ಲಿ ಒಂದರ ಮೇಲೊಂದು ಅಡ್ಡಹಾಕಿದರೆ ಎಂಟು ತೋಳು ಬರುತ್ತವೆ. ದಾರವನ್ನು ಒಂದು ತೋಳಿನ ಮೇಲೆ, ಮುಂದಿನದರ ಕೆಳಗೆ ಹಾಯಿಸುತ್ತ ಸುತ್ತ ಬಂದು ಬಿಗಿದು, ತುದಿಗಳನ್ನು ಓರೆಯಾಗಿ ಕತ್ತರಿಸಿದರೆ ಕೆಲಸ ಮುಗಿಯಿತು. ಒಣಗಿದ ಮೇಲೆ ಅದಕ್ಕೆ ಹೊಂಬಣ್ಣ ತಾನಾಗಿ ಬರುತ್ತದೆ. ಒಂದು ಎಚ್ಚರಿಕೆ ಉಂಟು. ವಾಹನಗಳ ಗಾಲಿಗೆ ಸಿಕ್ಕಲೆಂದು ಡಾಂಬರು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡಿದ ಹುಲ್ಲು ಇದಕ್ಕೆ ಬಾರದು, ಅದು ನುಗ್ಗಾಗಿರುತ್ತದೆ. ಒಕ್ಕಣೆಗೆ ಮುಂಚೆಯೇ ಒಂದು ಹಿಡಿ ಎತ್ತಿಡಬೇಕು.

ತೆನೆಯನ್ನೇ ಕಟ್ಟಿದರೂ ಆಯಿತು. ರಾಗಿ ತೆನೆ ಮುಷ್ಟಿ ಮಾಡಿದ ಪುಟ್ಟ ಕೈಯಂತೆ ಬೆರಳು ಮಡಿಚಿಕೊಂಡಿರುತ್ತದೆ. ಆ ಅಂದ ಯಾವ ಪ್ಲಾಸ್ಟಿಕ್ಕಿಗೂ ಬರದು. ಹೊಸ ತೆನೆಯನ್ನು ಮನೆಯ ಬಾಗಿಲಿಗೆ ಕಟ್ಟುವುದು ಕರ್ನಾಟಕದ ಉದ್ದಗಲಕ್ಕೂ ಇರುವ ಪದ್ಧತಿ. ಕೊಡಗಿನ ಪುತ್ತರಿಯಲ್ಲಿ ಕದಿರು ಮನೆ ಸೇರುತ್ತದೆ. ಮಂಗಳೂರಿನ ಕ್ರೈಸ್ತರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ಒಯ್ದು ಹೊಸ ಅಕ್ಕಿಯೂಟ ಮಾಡುತ್ತಾರೆ. ಡಿಸೆಂಬರಿನಲ್ಲಿ ರಾಗಿ ತೆನೆಯ ಗೊಂಚಲಿಗೆ ಕೆಂಪು ದಾರ ಕಟ್ಟಿ ಗೋದಲಿಯ ಮೇಲೆ ತೂಗಿಬಿಟ್ಟರೆ ಅದು ಈ ಪದ್ಧತಿಗೇ ಸೇರುತ್ತದೆ.

ಗೋದಲಿಯ ಹಸಿರೂ ರಾಗಿಯದೇ. ರಾಗಿಯನ್ನು ಒಂದು ರಾತ್ರಿ ನೆನೆಹಾಕಿ, ತಟ್ಟೆಯಲ್ಲಿ ತೆಳ್ಳಗೆ ಹರಡಿದ ಮಣ್ಣಿನ ಮೇಲೆ ಚೆಲ್ಲಿ, ದಿನವೂ ನೀರು ಚಿಮುಕಿಸಿದರೆ ಹತ್ತು ಹನ್ನೆರಡು ದಿನಕ್ಕೆ ಹುಲ್ಲುಗಾವಲು ಸಿದ್ಧ. ಡಿಸೆಂಬರಿನ ಚಳಿಗೆ ಮೊಳಕೆ ನಿಧಾನವಾಗುವುದರಿಂದ ಎರಡು ದಿನ ಮುಂಚೆಯೇ ಹಾಕುವುದು ಒಳ್ಳೆಯದು. ಫ್ರಾನ್ಸಿನ ದಕ್ಷಿಣದ ಪ್ರೊವಾನ್ಸ್ ಪ್ರಾಂತದಲ್ಲಿ ಡಿಸೆಂಬರ್ 4ರಂದು, ಸಂತ ಬಾರ್ಬರಾಳ ದಿನ, ಬಟ್ಟಲುಗಳಲ್ಲಿ ಗೋಧಿ ಮೊಳಕೆ ಹಾಕಿ ಕ್ರಿಸ್‌ಮಸ್‌ಗೆ ಹಸಿರು ಮಾಡಿಕೊಳ್ಳುತ್ತಾರೆ. ಆದರೆ ಈ ವಿದ್ಯೆಗೆ ಪ್ರೊವಾನ್ಸಿನವರೆಗೆ ಹೋಗಬೇಕಾಗಿಲ್ಲ. ಹಳೆಯ ಮೈಸೂರಿನ ಮನೆಗಳಲ್ಲಿ ನವರಾತ್ರಿಯ ಗೊಂಬೆ ಕೂರಿಸುವಾಗ ಮಕ್ಕಳು ಮಾಡುವ ‘ಪಾರ್ಕು’ ನೆನಪಿಸಿಕೊಳ್ಳಿ. ರಾಗಿ ಮೊಳಕೆಯ ಹೊಲ, ಒಡೆದ ಕನ್ನಡಿಯ ಕೆರೆ, ಮುದುಡಿದ ಕಂದು ಕಾಗದದ ಬೆಟ್ಟ, ಇಟ್ಟಿಗೆಪುಡಿಯ ದಾರಿ. ಬೆಂಗಳೂರಿನ, ಮೈಸೂರಿನ ಕ್ರೈಸ್ತರ ಮನೆಗಳ ಗೋದಲಿಯಲ್ಲೂ ಇದೇ ಹೊಲ, ಇದೇ ಕೆರೆ, ಇದೇ ಬೆಟ್ಟ. ಅಕ್ಟೋಬರಿನಲ್ಲಿ ಒಂದು ಮನೆಯಲ್ಲಿ ಬಳಸಿದ ಕನ್ನಡಿ ಚೂರು ಡಿಸೆಂಬರಿನಲ್ಲಿ ಪಕ್ಕದ ಮನೆಗೆ ಹೋದ ಬೀದಿಗಳು ಎಷ್ಟೋ ಇರಬೇಕು. ಧರ್ಮಗಳ ಸಾಮರಸ್ಯದ ಬಗೆಗೆ ಭಾಷಣ ಮಾಡುವವರು ಈ ಕನ್ನಡಿ ಚೂರನ್ನು ಅಷ್ಟಾಗಿ ಗಮನಿಸಿದಂತಿಲ್ಲ.

ರಾಗಿಯಾದ ಮೇಲೆ ರೇಷ್ಮೆ. 2007ರಲ್ಲಿ ಹುಟ್ಟಿ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಾದ ರಾಮನಗರ ಜಿಲ್ಲೆಯ ಕೇಂದ್ರದಲ್ಲಿರುವ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಮಾಗಡಿ, ಕುಣಿಗಲ್ ಭಾಗ ಮೈಸೂರು ತಳಿಯ ಬಿತ್ತನೆ ಗೂಡಿಗೆ ಬಹುಕಾಲದಿಂದ ಮೀಸಲಾದ ಪ್ರದೇಶ. ಬಿತ್ತನೆ ಗೂಡನ್ನು ನೂಲು ತೆಗೆಯಲು ಕುದಿಸುವುದಿಲ್ಲ. ಒಳಗಿನ ಪತಂಗ ಹೊರಬಂದು ಮೊಟ್ಟೆಯಿಡಬೇಕು. ಅದು ಹೊರಬರುವಾಗ ಗೂಡಿನ ತುದಿಯನ್ನು ಒದ್ದೆಮಾಡಿ ಎಳೆಗಳನ್ನು ಸರಿಸಿ ತೂತು ಮಾಡುತ್ತದೆ. ತೂತಾದ ಗೂಡಿನಿಂದ ಅಖಂಡ ಎಳೆ ಬಿಚ್ಚಲಾಗದು. ನೂರಾರು ಮೀಟರ್ ನೂಲು ಕೊಡಬೇಕಾಗಿದ್ದ ಗೂಡು ಹೀಗೆ ಒಡಕು ಗೂಡೆನಿಸಿ ಕಡಿಮೆ ಬೆಲೆಗೆ ಇಳಿಯುತ್ತದೆ. ರೇಷ್ಮೆ ಇಲಾಖೆಯ ಸಮಾರಂಭಗಳಲ್ಲಿ ಅತಿಥಿಗಳ ಕೊರಳಿಗೆ ಬೀಳುವ ಗೂಡಿನ ಹಾರ ಹೆಚ್ಚಾಗಿ ಇಂಥ ಗೂಡುಗಳದೇ.

ಕ್ರಿಸ್‌ಮಸ್‌ಗೆ ಇದು ಹೇಳಿಮಾಡಿಸಿದಂತಿದೆ. ಬಣ್ಣ ಬೇಕಿಲ್ಲ: ಮೈಸೂರು ತಳಿಯ ಗೂಡು ಹಸಿರು ಬೆರೆತ ಹಳದಿ, ದ್ವಿತಳಿಯದು ಬೆಳ್ಳಗಿನ ಬಿಳುಪು. ತೂತಿನ ಕಡೆಯಿಂದ ಚೂಪಾದ ಕತ್ತರಿಯಲ್ಲಿ ಐದು ಸೀಳು ಮಾಡಿ ಎಸಳನ್ನು ಹೊರಕ್ಕೆ ಬಾಗಿಸಿದರೆ ಹೂವು. ಸೂಜಿಗೆ ದಾರ ಪೋಣಿಸಿ ಎರಡು ಹಳದಿ ಗೂಡು, ಒಂದು ಬಿಳಿಯ ಗೂಡು ಎಂದು ಕೋದರೆ ಮರಕ್ಕೆ ಸುತ್ತುವ ಸರ. ತೂತಿನ ಬಾಯಲ್ಲಿ ಅರಳೆಯ ಉಂಡೆಯೊಂದನ್ನು ತಲೆಯಾಗಿ ಕೂರಿಸಿ, ಶಾಯಿಯಿಂದ ಎರಡು ಮುಚ್ಚಿದ ಕಣ್ಣು ಬರೆದರೆ ಬಟ್ಟೆ ಸುತ್ತಿದ ಹಸುಗೂಸು. ಗೋದಲಿಯ ನಡುವೆ ಇಡಲು ಇದಕ್ಕಿಂತ ಒಪ್ಪುವ ಶಿಶು ಯಾವ ಅಂಗಡಿಯಲ್ಲೂ ಸಿಗಲಾರದು. ಪತಂಗ ಹೊರಹೋದ ಗೂಡನ್ನೇ ಆರಿಸಬೇಕೆಂಬುದಕ್ಕೆ ಇನ್ನೊಂದು ಕಾರಣವಿದೆ. ಒಳಗೆ ಕೋಶ ಉಳಿದಿದ್ದರೆ ನಾಲ್ಕು ದಿನದಲ್ಲಿ ಮನೆಯೆಲ್ಲ ನಾರುತ್ತದೆ.

ಹುಳು ಸಾಕುವ ಮನೆಯಲ್ಲಿ ಮತ್ತೊಂದು ವಸ್ತು ಮೂಲೆ ಸೇರಿದೆ. ಅದು ಚಂದ್ರಿಕೆ. ಆರಡಿ ಉದ್ದ ನಾಲ್ಕಡಿ ಅಗಲದ ಬಿದಿರ ತಟ್ಟಿಯ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಹೆಣೆದ ಈ ಸಾಧನದ ಮೇಲೆ ಹಣ್ಣಾದ ಹುಳುಗಳನ್ನು ಬಿಟ್ಟರೆ ಅವು ಗೂಡು ಕಟ್ಟುತ್ತವೆ. ಮೇದರು ಹೆಣೆಯುತ್ತಿದ್ದ ಚಂದ್ರಿಕೆಯ ಜಾಗಕ್ಕೆ ಮಡಿಚಿಡಬಹುದಾದ ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದಿದೆ. ಮುರಿದ ಚಂದ್ರಿಕೆ ಒಲೆಗೆ ಹೋಗುತ್ತದೆ. ಒಲೆಗೆ ಹಾಕುವ ಮುನ್ನ ಅದರ ಚೌಕಟ್ಟಿನ ಬಿದಿರು ಸೀಳಿದರೆ ಒಂದು ನಕ್ಷತ್ರಕ್ಕೆ ಬೇಕಾದ ಹತ್ತು ಕಡ್ಡಿ ಸಿಗುತ್ತವೆ.

ಬಾಗಿಲಿಗೆ ತೂಗುವ ನಕ್ಷತ್ರ ಕ್ರಿಸ್‌ಮಸ್‌ನ ಎಲ್ಲ ಅಲಂಕಾರಗಳಲ್ಲಿ ದೊಡ್ಡದು, ಮಾಡುವುದೂ ಸ್ವಲ್ಪ ಕಷ್ಟ. ಕಡ್ಡಿಗಳೆಲ್ಲ ಸಮ ಉದ್ದ ಇರಬೇಕು. ಎರಡಡಿಯ ಕಡ್ಡಿಯಾದರೆ ನಕ್ಷತ್ರದ ಅಗಲವೂ ಎರಡಡಿ. ಶಾಲೆಯ ಮಕ್ಕಳು ಪೆನ್ಸಿಲ್ ಎತ್ತದೆ ಐದು ಗೆರೆಗಳಲ್ಲಿ ನಕ್ಷತ್ರ ಬರೆಯುತ್ತಾರಲ್ಲ, ಅದೇ ಕ್ರಮದಲ್ಲಿ ಐದು ಕಡ್ಡಿ ಜೋಡಿಸಿ ತುದಿಗಳನ್ನು ದಾರದಿಂದ ಕಟ್ಟಬೇಕು. ಇಂಥವು ಎರಡು. ಒಂದರ ಮೇಲೊಂದಿಟ್ಟು ಐದು ತುದಿಗಳನ್ನೂ ಜೊತೆಗೂಡಿಸಿ ಕಟ್ಟಿದ ಮೇಲೆ, ಒಳಗೆ ಕಡ್ಡಿಗಳು ಒಂದನ್ನೊಂದು ದಾಟುವ ಐದು ಜಾಗಗಳಲ್ಲಿ ಐದಂಗುಲದ ಗಿಡ್ಡ ಕಡ್ಡಿಗಳನ್ನು ಎರಡರ ನಡುವೆ ಊರೆಯಾಗಿ ನಿಲ್ಲಿಸಬೇಕು. ಆಗ ಚಪ್ಪಟೆಯಾಗಿದ್ದದ್ದು ಹೊಟ್ಟೆಯುಬ್ಬಿಸಿಕೊಂಡು ನಿಲ್ಲುತ್ತದೆ. ಮಕ್ಕಳು ಕಾಯುವುದು ಈ ಗಳಿಗೆಗೇ. ಆಮೇಲೆ ಗಾಳಿಪಟದ ಕಾಗದ, ಮೈದಾ ಅಂಟು. ಹುಳು ಹಿಡಿಯದಿರಲೆಂದು ರಟ್ಟು ಕಟ್ಟುವವರು ಅಂಟಿಗೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಚಿಕ್ಕ ಮಕ್ಕಳಿರುವ ಕಡೆ ಬೇಡ. ಒಂದು ತೋಳಿನ ಹಿಂಬದಿಗೆ ಕಾಗದ ಅಂಟಿಸದೆ ಬಿಟ್ಟರೆ ದೀಪ ಇಡಲು ದಾರಿಯಾಗುತ್ತದೆ. ಹಿಂದೆ ಎಣ್ಣೆಯ ಹಣತೆಯಿಟ್ಟು ಎಷ್ಟೋ ನಕ್ಷತ್ರಗಳು ಉರಿದುಹೋದವು. ಇಂದಿನ ಪುಟ್ಟ ಎಲ್‌ಇಡಿ ದೀಪ ಅಷ್ಟು ಬಿಸಿಯಾಗದು. ಹಳೆಯ ರೂಢಿಗೆ ಹೊಸ ಕಾಲ ಮಾಡಿದ ಉಪಕಾರ ಇದೊಂದು.

ನಕ್ಷತ್ರ ಮಾಡುವುದು ಪಾಠವೂ ಆಗಿತ್ತೆಂಬುದು ಕುತೂಹಲದ ಸಂಗತಿ. ಜರ್ಮನಿಯ ನೀಸ್ಕಿ ಎಂಬಲ್ಲಿ ಮೊರೇವಿಯನ್ ಪಂಥದವರ ಹುಡುಗರ ಶಾಲೆಯಲ್ಲಿ 1830ರ ದಶಕದಲ್ಲಿ ರೇಖಾಗಣಿತ ಕಲಿಸಲೆಂದು ಕಾಗದದ ಮೊನೆಗಳನ್ನು ಜೋಡಿಸಿ ನಕ್ಷತ್ರ ಮಾಡಿಸಿದರು. ಇಂದು ಅದು ಹೆರ್ನ್‌ಹುಟ್ ನಕ್ಷತ್ರವೆಂಬ ಹೆಸರಿನಲ್ಲಿ ಪ್ರಸಿದ್ಧ. ಬಿದಿರಿನ ನಕ್ಷತ್ರ ಕಟ್ಟಿದ ಹುಡುಗನಿಗೆ ಕೋನ, ಕರ್ಣಗಳ ಬಗೆಗೆ ಹಲಗೆಯ ಮೇಲೆ ಬರೆದು ತಿಳಿಸುವ ಶ್ರಮ ಅರ್ಧ ಉಳಿಯುತ್ತದೆ.

ಚನ್ನಪಟ್ಟಣದ ವಿಷಯ ಬೇರೆ. ಅಲ್ಲಿನ ಅರಗಿನ ಕೆಲಸ ಮನೆಯಲ್ಲಿ ಮಕ್ಕಳು ಮಾಡುವಂಥದಲ್ಲ, ಕಸುಬುದಾರರದು. ಟಿಪ್ಪು ಸುಲ್ತಾನನ ಕಾಲಕ್ಕೆ ಪರ್ಷಿಯಾದ ಕುಶಲಿಗಳಿಂದ ಬಂದದ್ದೆಂದು ಹೇಳಿಕೊಂಡು ಬಂದ ಈ ಕಲೆಯಲ್ಲಿ ಆಲೆ ಮರದ ತುಂಡನ್ನು ಚರಕಿಗೆ ಕೊಟ್ಟು, ಉಳಿಯಿಂದ ಆಕಾರ ಬಿಡಿಸಿ, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆ ಜಾತಿಯ ಎಲೆಯಿಂದ ತಿಕ್ಕಿದರೆ ಹೊಳಪು. 2005-06ರಲ್ಲಿ ಈ ಆಟಿಕೆಗಳಿಗೆ ಭೌಗೋಳಿಕ ಗುರುತಿನ ರಕ್ಷಣೆ ಸಿಕ್ಕಿತು. ಚೀನಾದ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಎದುರು ಬಡವಾದ ಚರಕಿಗಳು ಹೊರದೇಶದ ಬೇಡಿಕೆಯನ್ನೂ ನೆಚ್ಚಿಕೊಂಡವು. ಹಾಗೆ ಹೊರಹೋಗುವ ಸಾಮಾನುಗಳಲ್ಲಿ ಕ್ರಿಸ್‌ಮಸ್ ಮರಕ್ಕೆ ತೂಗುವ ಗುಂಡು, ಗಂಟೆ, ಪುಟ್ಟ ದೇವದೂತರೂ ಇದ್ದಾರೆ. ಪರದೇಶದ ಮನೆಯ ಮರದಲ್ಲಿ ಚನ್ನಪಟ್ಟಣದ ಅರಗು ಹೊಳೆಯುವಾಗ, ಚನ್ನಪಟ್ಟಣದ ಅಂಗಡಿ ಬೀದಿಯಲ್ಲಿ ಪ್ಲಾಸ್ಟಿಕ್ ನಕ್ಷತ್ರ ತೂಗುತ್ತದೆ. ಲೌಷಾದ ಕಥೆ ಇಲ್ಲಿಗೆ ಬಂದು ಹೀಗೆ ತಿರುಗಿಕೊಂಡಿದೆ.

ಮನೆಯವರು ಮಾಡಬಹುದಾದದ್ದು ಇಷ್ಟು. ಈ ಸೀಮೆಯ ಮನೆಗಳ ಅಟ್ಟದಲ್ಲಿ ಗಾಲಿ ಮುರಿದ ಬಂಡಿ, ಜೊತೆ ತಪ್ಪಿದ ಬುಗುರಿ, ಹಸುಗೂಸಿನ ಗಿಲಕಿಯ ಹಿಡಿ ಬಿದ್ದಿರುತ್ತವೆ. ಗಾಲಿಯ ನಡುವಿನ ತೂತಿಗೆ ದಾರ ಹಾಕಿದರೆ ಮರಕ್ಕೆ ತೂಗಬಹುದು. ಮಕ್ಕಳು ಬೆಳೆದ ಮೇಲೆ ಅವರ ಮೊದಲ ಆಟಿಕೆ ಪ್ರತಿ ಡಿಸೆಂಬರಿನಲ್ಲಿ ಹೊರಬರುವ ಮನೆಗೆ ಬೇರೆ ಅಲಂಕಾರ ಅಷ್ಟಾಗಿ ಬೇಕಾಗದು.

ಉಳಿದ ಸಾಮಗ್ರಿಗಳ ಪಟ್ಟಿ ಉದ್ದ ಮಾಡಬೇಕಾಗಿಲ್ಲ. ಕನ್ನಡಿಗರ ಮನೆಗಳಲ್ಲಿ ಮದುವೆಯ ಕರೆಯೋಲೆಗೆ ಬರವಿಲ್ಲ. ಹೊಂಬಣ್ಣದ ಅಂಚಿನ ಆ ದಪ್ಪ ಕಾಗದದಿಂದ ನಕ್ಷತ್ರ, ಗಂಟೆ ಕತ್ತರಿಸಬಹುದು (ದೇವರ ಚಿತ್ರಕ್ಕೆ ಕತ್ತರಿ ಹಾಕಲು ಅಜ್ಜಿಯರು ಬಿಡುವುದಿಲ್ಲ, ಅದನ್ನು ಬೇರೆ ತೆಗೆದಿಡಬೇಕು). ಚಹಾ ಪೊಟ್ಟಣದ ಒಳಗಿನ ಬೆಳ್ಳಿ ಕಾಗದವನ್ನು ಹುಣಿಸೆ ಬೀಜಕ್ಕೆ ಸುತ್ತಿದರೆ ಮಿನುಗುವ ಮಣಿ. ಒಡೆದ ಗಾಜಿನ ಬಳೆಯ ಚೂರುಗಳನ್ನು ದೀಪದ ಜ್ವಾಲೆಗೆ ಹಿಡಿದು ಬಾಗಿಸಿ ಕೊಂಡಿ ಹಾಕಿದ ಸರ ಒಂದು ಕಾಲದಲ್ಲಿ ಪ್ರತಿ ಬಾಗಿಲಲ್ಲೂ ಇತ್ತು. ದೊಡ್ಡವರು ಪಕ್ಕದಲ್ಲಿದ್ದರೆ ಇಂದಿಗೂ ಮಾಡಬಹುದು. ಮರ ಯಾವುದೆಂಬ ಪ್ರಶ್ನೆಗೆ ದಕ್ಷಿಣ ಭಾರತ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದೆ: ಸರ್ವೆ ಮರದ ಒಂದು ಕೊಂಬೆ, ಮಣ್ಣು ತುಂಬಿದ ಒಂದು ಡಬ್ಬ.

ಖರ್ಚಿನ ಲೆಕ್ಕ ಹಾಕಿದರೆ ಗಾಳಿಪಟದ ಕಾಗದ, ದಾರ, ಒಂದು ಹಿಡಿ ಮೈದಾ. ವೇಳೆಯ ಲೆಕ್ಕ ಮಾತ್ರ ದೊಡ್ಡದು. ನಕ್ಷತ್ರಕ್ಕೆ ಒಂದು ಸಂಜೆ, ಗೂಡಿನ ಸರಕ್ಕೆ ಎರಡು, ಮೊಳಕೆಗೆ ಹನ್ನೆರಡು ದಿನ. ಪ್ಲಾಸ್ಟಿಕ್ ನಕ್ಷತ್ರ ಕೊಂಡವರು ಉಳಿಸುವುದು ಈ ವೇಳೆಯನ್ನೇ. ಆದರೆ ಮನೆಯ ಮಕ್ಕಳಿಗೆ ಹಬ್ಬ ಇಪ್ಪತ್ತೈದರಂದು ಬರುವುದಿಲ್ಲ, ರಾಗಿ ನೆನೆಹಾಕಿದ ರಾತ್ರಿಯೇ ಬಂದಿರುತ್ತದೆ. ಕಡ್ಡಿ ಸೀಳುವ ತಾತ, ಅಂಟು ಕಾಯಿಸುವ ತಾಯಿ, ಗಂಟು ಹಾಕುವ ಅಕ್ಕ, ಎಲ್ಲಕ್ಕೂ ಅಡ್ಡ ಬರುವ ತಮ್ಮ, ಇವರೆಲ್ಲರೂ ಒಂದೆಡೆ ಕೂರಲು ಕೊಂಡು ತಂದ ನಕ್ಷತ್ರ ಎಡೆಗೊಡದು. ಅದಕ್ಕೆ ಬೇಕಾದದ್ದು ಒಂದು ಮೊಳೆ, ಒಂದು ಸ್ವಿಚ್ಚು.

ಜನವರಿ 6ರ ಮೂವರು ರಾಯರ ಹಬ್ಬಕ್ಕೆ ಗೋದಲಿ ಬಿಚ್ಚುತ್ತಾರೆ. ಕಾಗದ ಹರಿದಿದ್ದರೂ ನಕ್ಷತ್ರದ ಬಿದಿರು ಅಟ್ಟ ಸೇರುತ್ತದೆ, ಮುಂದಿನ ವರ್ಷಕ್ಕೆ ಹೊಸ ಕಾಗದ ಸಾಕು. ಗೂಡಿನ ಸರ ಡಬ್ಬಕ್ಕೆ. ಹಳದಿಗೆ ತಿರುಗತೊಡಗಿದ ರಾಗಿ ಮೊಳಕೆಯನ್ನು ತಟ್ಟೆಯ ಸಮೇತ ಒಯ್ದು ಕರುವಿನ ಮುಂದಿಟ್ಟರೆ ಒಂದೇ ಬಾಯಿಗೆ ಮುಗಿಯುತ್ತದೆ. ಗೋದಲಿಯ ಹುಲ್ಲು ಮತ್ತೆ ಕೊಟ್ಟಿಗೆಗೆ. ದನ ಮುಟ್ಟದೆ ಬಿಟ್ಟದ್ದನ್ನು ಎಂಟು ದಿನ ಒಂದು ಮೂಲೆಯಲ್ಲಿ ಇಟ್ಟಿರುತ್ತಾರೆ. ಸಂಕ್ರಾಂತಿಯ ಸಂಜೆ ಊರ ಹೊರಗೆ ದನಗಳನ್ನು ಕಿಚ್ಚು ಹಾಯಿಸುವಾಗ ಎಲ್ಲ ಮನೆಗಳಿಂದಲೂ ಹುಲ್ಲು ಬೇಕು.